ಕಡಲ ಹಕ್ಕಿ, ಕೆಸರಿನ ಹಕ್ಕಿ: ಮಲ್ಪೆಯಿಂದ ಕೋಡಿ ಬೆಂಗ್ರೆಗೆ ಒಂದು ಹಗಲು

ಬೆಳಗಿನ ಜಾವ ನಾಲ್ಕೂವರೆ. ಮಲ್ಪೆ ಬಂದರಿನಲ್ಲಿ ರಾತ್ರಿ ಎಂಬುದೇ ಇಲ್ಲ. ಆಳಸಮುದ್ರದಿಂದ ಮರಳಿದ ಬೋಟುಗಳು ದಕ್ಕೆಯ ಉದ್ದಕ್ಕೂ ಒಂದಕ್ಕೊಂದು ತಾಗಿ ನಿಂತಿವೆ. ದೀಪದ ಬೆಳಕಿನಲ್ಲಿ ಬಂಗುಡೆಯ ಬುಟ್ಟಿಗಳು ಕೈಯಿಂದ ಕೈಗೆ ದಾಟುತ್ತಿವೆ, ಒಂದು ಕಡೆ ಏಲಂ ಕೂಗು, ಇನ್ನೊಂದು ಕಡೆ ಐಸ್ ಪುಡಿ ಮಾಡುವ ಯಂತ್ರದ ಸದ್ದು. ಬುಟ್ಟಿ ಹೊತ್ತ ಹೆಂಗಸರಿಗೆ ದಾರಿ ಬಿಡುತ್ತ, ಒದ್ದೆ ಕಾಂಕ್ರೀಟಿನ ಮೇಲೆ ಜಾರದಂತೆ ಹೆಜ್ಜೆ ಇಡುತ್ತ ನಾವು ನಮ್ಮ ಬೋಟನ್ನು ಹುಡುಕುತ್ತೇವೆ. ಕುತ್ತಿಗೆಯಲ್ಲಿ ಬೈನಾಕ್ಯುಲರ್, ಹೆಗಲಿಗೆ ಕ್ಯಾಮೆರಾ, ಕೈಯಲ್ಲಿ ಲೈಫ್ ಜಾಕೆಟ್. ಕರಾವಳಿ ಕಾವಲು ಪೊಲೀಸರಿಗೆ ಹೆಸರು, ಗುರುತಿನ ಚೀಟಿಯ ಪ್ರತಿ ಹಿಂದಿನ ದಿನವೇ ಕೊಟ್ಟಾಗಿದೆ.

ಇದು ಸೆಪ್ಟೆಂಬರ್ ಕೊನೆ. ಮಹಾಲಯ ಅಮಾವಾಸ್ಯೆ ಕಳೆದ ಮಾರನೆಯ ದಿನ. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದು ಬಹಳ ದಿನ ಆಗಿಲ್ಲ. ಮಳೆಗಾಲದ ಅಬ್ಬರ ಇಳಿದಿದೆ, ಆದರೆ ಮಳೆಗಾಲ ಕಡಲಿಗೆ ಕೊಟ್ಟದ್ದು ಇನ್ನೂ ಖರ್ಚಾಗಿಲ್ಲ. ನೈರುತ್ಯ ಮಾನ್ಸೂನಿನ ತಿಂಗಳುಗಳಲ್ಲಿ ಗಾಳಿ ಮತ್ತು ಪ್ರವಾಹ ಸೇರಿ ನಮ್ಮ ಕರಾವಳಿಯ ಮೇಲ್ನೀರನ್ನು ಆಚೆಗೆ ಸರಿಸುತ್ತವೆ. ಅದರ ಜಾಗಕ್ಕೆ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೆ ಬರುತ್ತದೆ. ಆ ನೀರಿನಲ್ಲಿ ಪ್ಲವಕಗಳು ಹೆಚ್ಚುತ್ತವೆ, ಪ್ಲವಕಗಳನ್ನು ತಿನ್ನಲು ಭೂತಾಯಿ, ಬಂಗುಡೆ ಬರುತ್ತವೆ, ಮೀನನ್ನರಸಿ ಬೋಟುಗಳೂ ಹಕ್ಕಿಗಳೂ ಬರುತ್ತವೆ. ದಕ್ಷಿಣ ಗೋಳಾರ್ಧದಿಂದ ಬಂದ ಕಡಲ ಹಕ್ಕಿಗಳು ಇನ್ನೂ ಹೊರಟಿರುವುದಿಲ್ಲ. ಉತ್ತರದಿಂದ ಬರಬೇಕಾದ ಕೆಸರಿನ ಹಕ್ಕಿಗಳು ಆಗಲೇ ಬರತೊಡಗಿರುತ್ತವೆ. ಎರಡನ್ನೂ ಒಂದೇ ಹಗಲಿನಲ್ಲಿ ನೋಡಬೇಕೆಂದರೆ ಇದೇ ಸಮಯ.

ಅಳಿವೆ ಬಾಗಿಲು ದಾಟುವಾಗ ಬೋಟು ಮೂತಿ ಎತ್ತಿ ಕುಕ್ಕುತ್ತದೆ. ಎಡಕ್ಕೂ ಬಲಕ್ಕೂ ನೊರೆ. ಐದು ನಿಮಿಷದಲ್ಲಿ ಕುಲುಕಾಟ ನಿಂತು ಉದ್ದನೆಯ, ಸೌಮ್ಯವಾದ ತೂಗಾಟ ಶುರುವಾಗುತ್ತದೆ. ಬೆನ್ನ ಹಿಂದೆ ಘಟ್ಟದ ಮೇಲೆ ಬಾನು ಕೆಂಪಾಗುವ ಹೊತ್ತಿಗೆ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಕಾಣುತ್ತವೆ. ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣಿದು ಆದ ಕಂಬಗಳು ಅವು. ಒಂದು ಬಂಡೆಯ ತುದಿಯಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಕೂತಿದೆ. ಬೇರೆ ದಿನವಾಗಿದ್ದರೆ ಅದರ ಮುಂದೆಯೇ ಅರ್ಧ ಗಂಟೆ ನಿಲ್ಲುತ್ತಿದ್ದೆವು. ಇವತ್ತು ಕಣ್ಣು ಪಶ್ಚಿಮಕ್ಕೆ.

ಹತ್ತು ನಾಟಿಕಲ್ ಮೈಲಿ ದಾಟುವ ಹೊತ್ತಿಗೆ ನೀರಿನ ಬಣ್ಣ ಬದಲಾಗುತ್ತದೆ. ದಡದ ಮಣ್ಣು ಬೆರೆತ ಹಸಿರು ಹಿಂದಾಗಿ, ಗಾಢ ನೀಲಿ ಎದುರಾಗುತ್ತದೆ. ಎರಡು ಬಣ್ಣಗಳ ನಡುವೆ ಗೆರೆ ಎಳೆದ ಹಾಗೆ ನೊರೆಯ ಸಾಲು; ಅದರಲ್ಲಿ ಸಿಕ್ಕಿಕೊಂಡ ಕಸ, ತೆಂಗಿನ ಗರಿ, ಬಾಟಲಿ. "ಈ ಗೆರೆ ಹಿಡಿದು ಹೋಗುವ, ಮೀನು ಇದರ ಬದಿಯಲ್ಲೇ ಇರುವುದು" ಎನ್ನುತ್ತಾರೆ ಬೋಟು ನಡೆಸುವ ತಾಂಡೇಲರು, ಚುಕ್ಕಾಣಿ ತಿರುಗಿಸುತ್ತ. ಹಕ್ಕಿಯೂ ಅಲ್ಲೇ ಇರುತ್ತದೆ. ಎರಡು ನೀರು ಕೂಡುವ ಜಾಗದಲ್ಲಿ ಪ್ಲವಕ ಒಟ್ಟುಗೂಡುತ್ತದೆ ಎಂಬುದು ಸಮುದ್ರ ವಿಜ್ಞಾನದ ಪಾಠ. ತಾಂಡೇಲರಿಗೆ ಅದು ತಂದೆಯಿಂದ ಬಂದ ತಿಳಿವಳಿಕೆ.

ಇಪ್ಪತ್ತೈದು ಮಾರು ಆಳದ ನೀರಿಗೆ ಬಂದಾಗ ಎಂಜಿನ್ ನಿಲ್ಲುತ್ತದೆ. ಕಿವಿಗೆ ಒಮ್ಮೆಲೇ ಖಾಲಿಯಾದಂತೆ ಅನ್ನಿಸುತ್ತದೆ. ನಮ್ಮಲ್ಲಿ ಒಬ್ಬ ಆಗಲೇ ಹೊಟ್ಟೆ ತೊಳಸಿ ಹಲಗೆಯ ಮೇಲೆ ಮಲಗಿದ್ದಾನೆ. ಉಡುಪಿಯ ಗೆಳೆಯ ಡಬ್ಬ ತೆರೆದು ಮೀನಿನ ಕರುಳು ಮತ್ತು ಎಣ್ಣೆ ಬೆರೆಸಿದ್ದನ್ನು ಸೌಟಿನಿಂದ ನೀರಿಗೆ ಬಿಡುತ್ತಾನೆ. ಎಣ್ಣೆ ತೆಳ್ಳಗೆ ಹರಡಿ ಅಲೆಗಳ ಮೇಲೆ ನುಣ್ಣನೆಯ ದಾರಿಯಾಗುತ್ತದೆ. ಸುತ್ತ ನಾಲ್ಕು ದಿಕ್ಕಿಗೂ ನೋಡಿದರೆ ಒಂದು ಹಕ್ಕಿಯೂ ಇಲ್ಲ. ಹತ್ತು ನಿಮಿಷ ಕಳೆಯುತ್ತದೆ. ಹದಿನೈದು.

"ಅದಾ, ಬಂತಲ್ಲ ಮಾರಾಯ್ರೆ!"

ತಾಂಡೇಲರ ಬೆರಳ ತುದಿಯಲ್ಲಿ ಕಪ್ಪು ಚುಕ್ಕೆ. ಅಲೆಯ ಹಿಂದೆ ಮರೆಯಾಗಿ ಮತ್ತೆ ಎದ್ದಾಗ ರೆಕ್ಕೆ ಕಾಣುತ್ತದೆ, ಬಾಲದ ಬುಡದ ಬಿಳಿ ಪಟ್ಟಿ ಕಾಣುತ್ತದೆ. ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ಎಣ್ಣೆಯ ದಾರಿಗೆ ಬಂದು ರೆಕ್ಕೆ ಎತ್ತಿ ಹಿಡಿದು, ಉದ್ದ ಕಾಲು ಇಳಿಬಿಟ್ಟು, ನೀರ ಮೇಲೆ ನಡೆಯತೊಡಗುತ್ತದೆ. ನಡೆಯುತ್ತದೆ ಎಂಬುದು ಉತ್ಪ್ರೇಕ್ಷೆಯಲ್ಲ. ಎದುರುಗಾಳಿ ರೆಕ್ಕೆಯನ್ನು ಎತ್ತಿ ಹಿಡಿದಿರುತ್ತದೆ, ಪಾದಗಳು ನೀರನ್ನು ತಟ್ಟಿ ತಟ್ಟಿ ದೇಹವನ್ನು ಒಂದೇ ಜಾಗದಲ್ಲಿ ನಿಲ್ಲಿಸುತ್ತವೆ, ಕೊಕ್ಕು ಬಗ್ಗಿ ಎಣ್ಣೆಯ ಕಣ ಹೆಕ್ಕುತ್ತದೆ. ಒಂದು ಎರಡಾಗಿ, ಎರಡು ಎಂಟಾಗಿ, ಬೋಟಿನ ಹಿಂಭಾಗದಲ್ಲಿ ಈಗ ಪುಟ್ಟ ಗುಂಪೇ ಸೇರಿದೆ.

ಒಂದೊಂದರ ತೂಕ ಸುಮಾರು 35ರಿಂದ 40 ಗ್ರಾಂ. ಗುಬ್ಬಚ್ಚಿಗಿಂತ ತುಸು ದೊಡ್ಡದು, ಅಷ್ಟೆ. ಅಂಟಾರ್ಕ್ಟಿಕದ ತೀರದಲ್ಲಿ, ಅದರ ಸುತ್ತಲಿನ ದ್ವೀಪಗಳ ಕಲ್ಲುಸಂದಿಯಲ್ಲಿ ಇವು ಗೂಡು ಮಾಡುತ್ತವೆ. ವರ್ಷಕ್ಕೆ ಒಂದೇ ಮೊಟ್ಟೆ. ಅಲ್ಲಿ ಚಳಿಗಾಲ ಬಂದಾಗ ಸಮಭಾಜಕ ವೃತ್ತ ದಾಟಿ ನಮ್ಮ ಮಳೆಗಾಲದ ಕಡಲಿಗೆ ಬರುತ್ತವೆ. ಜೋರು ಗಾಳಿಯನ್ನೂ ಇವು ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ. ಅಲೆಗಳ ತಗ್ಗಿನಲ್ಲಿ ಗಾಳಿ ಕಡಿಮೆ ಇರುವ ಓಣಿ ಹಿಡಿದು ಸಾಗುತ್ತವೆ. ಕಣ್ಣಿಗೆ ಏನೂ ಕಾಣದ ಕಡಲಿನಲ್ಲಿ ಇವು ಊಟ ಹುಡುಕುವುದು ಮೂಗಿನಿಂದ. ಪುಟ್ಟ ಪ್ರಾಣಿಗಳು ಸಸ್ಯಪ್ಲವಕವನ್ನು ಮೇಯುವಾಗ ಡೈಮಿಥೈಲ್ ಸಲ್ಫೈಡ್ ಎಂಬ ಅನಿಲ ಹೊರಬೀಳುತ್ತದೆ. ಕೊಕ್ಕಿನ ಮೇಲೆ ಕೊಳವೆಯಂಥ ಮೂಗು ಇರುವ ಈ ಕುಲದ ಹಲವು ಹಕ್ಕಿಗಳು ಆ ವಾಸನೆ ಹಿಡಿದು ಬರುತ್ತವೆ. ಕುಡಿದ ಉಪ್ಪುನೀರಿನ ಉಪ್ಪನ್ನು ಹೊರಹಾಕುವ ಗ್ರಂಥಿಯೂ ಕಣ್ಣಿನ ಮೇಲ್ಭಾಗದಲ್ಲಿದೆ. ಗೂಡಿನ ದಿನಗಳನ್ನು ಬಿಟ್ಟರೆ ಇವಕ್ಕೆ ನೆಲದ ಅಗತ್ಯವೇ ಇಲ್ಲ.

"ಶಿಯರ್‌ವಾಟರ್! ಬಲಕ್ಕೆ, ದಿಗಂತದ ಕೆಳಗೆ!" ಗೆಳೆಯನ ಕೂಗಿಗೆ ಮಲಗಿದ್ದವನೂ ಎದ್ದು ಕೂರುತ್ತಾನೆ. ಚಾಕೊಲೇಟ್ ಬಣ್ಣದ ದೊಡ್ಡ ಹಕ್ಕಿ ರೆಕ್ಕೆ ಬಡಿಯದೆ, ಒಂದು ರೆಕ್ಕೆಯ ತುದಿ ನೀರಿಗೆ ತಾಗುವಷ್ಟು ವಾಲಿ, ಅಲೆಯ ಬೆನ್ನೇರಿ ಮೇಲೆದ್ದು, ಮತ್ತೆ ವಾಲಿ ಇಳಿಯುತ್ತದೆ. ನೀರಿನ ಹತ್ತಿರ ಗಾಳಿ ನಿಧಾನ, ಮೇಲೆ ವೇಗ. ಆ ವ್ಯತ್ಯಾಸವನ್ನೇ ಶಕ್ತಿಯಾಗಿ ಮಾಡಿಕೊಂಡು ಅದು ದಿನಗಟ್ಟಲೆ ಸಾಗಬಲ್ಲದು. ಕೊಕ್ಕು ತಿಳಿಗುಲಾಬಿ, ತುದಿ ಕಪ್ಪು: ಫ್ಲೆಶ್-ಫೂಟೆಡ್ ಶಿಯರ್‌ವಾಟರ್. ನೈರುತ್ಯ ಆಸ್ಟ್ರೇಲಿಯದ ದ್ವೀಪಗಳಲ್ಲಿ ಮರಿ ಮಾಡುವ ಹಕ್ಕಿ; ತವರಿಗೆ ಹೊರಡುವ ಕಾಲ ಇದಕ್ಕೆ ಬಂದಿದೆ. ಬೋಟನ್ನು ಒಮ್ಮೆ ಸುತ್ತಿ, ತಿರುಗಿಯೂ ನೋಡದೆ ದಕ್ಷಿಣಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಅದಕ್ಕಿಂತ ಚಿಕ್ಕದು, ಬೆನ್ನು ಕಪ್ಪು ಹೊಟ್ಟೆ ಬಿಳುಪಿನ ಪರ್ಷಿಯನ್ ಶಿಯರ್‌ವಾಟರ್ ಬೇಗ ಬೇಗ ರೆಕ್ಕೆ ಬಡಿಯುತ್ತ ದಾಟುತ್ತದೆ. ಅದು ಒಮಾನ್, ಸೊಕೋತ್ರಾ ಕಡೆಯ ದ್ವೀಪಗಳದು. ಅರಬ್ಬಿ ಸಮುದ್ರದ ಸ್ವಂತ ಹಕ್ಕಿ.

ನೊರೆಯ ಗೆರೆಯಲ್ಲಿ ತೇಲುವ ಥರ್ಮೋಕೋಲಿನ ತುಂಡಿನ ಮೇಲೆ ಬ್ರಿಡಲ್ಡ್ ಟರ್ನ್ ಒಂದು ನಿಂತಿದೆ. ರೀವ ಜಾತಿಯ ಈ ಹಕ್ಕಿಗೆ ಬೂದುಗಂದು ಬೆನ್ನು, ಹಣೆಯಿಂದ ಕಣ್ಣಿನ ಹಿಂದಿನವರೆಗೆ ಬಿಳಿ ಹುಬ್ಬು. ನಮ್ಮ ಉತ್ತರಕ್ಕೆ, ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳ ಮೇಲೆ ಇವು ಮರಿ ಮಾಡುತ್ತವೆ. ನೀರಿನಲ್ಲಿ ಕೂರಲು ಇವಕ್ಕೆ ಇಷ್ಟವಿಲ್ಲ, ತೇಲುವ ಮರದ ತುಂಡನ್ನೋ ಆಮೆಯ ಬೆನ್ನನ್ನೋ ಹುಡುಕುತ್ತವೆ. ಈಗ ಮರಕ್ಕಿಂತ ಹೆಚ್ಚಾಗಿ ಸಿಗುವುದು ನಾವು ಎಸೆದದ್ದು. ನೋಡಲು ಚಿತ್ರ ಚೆನ್ನಾಗಿದೆ, ಆದರೆ ಅದರ ಹಿಂದಿನ ಸಂಗತಿ ಚೆನ್ನಾಗಿಲ್ಲ. ಕಡಲಿನಲ್ಲಿ ಕೆಲವು ವಾರ ತೇಲಿದ ಪ್ಲಾಸ್ಟಿಕ್‌ಗೆ ಪಾಚಿ ಹತ್ತಿ, ಅದರಿಂದಲೂ ಅದೇ ಡೈಮಿಥೈಲ್ ಸಲ್ಫೈಡ್ ಹೊಮ್ಮುತ್ತದೆ ಎಂದು ಕ್ಯಾಲಿಫೋರ್ನಿಯದ ಸಂಶೋಧಕರು 2016ರಲ್ಲಿ ತೋರಿಸಿದರು. ವಾಸನೆಯಿಂದ ಊಟ ಹುಡುಕುವ ಪೆಟ್ರೆಲ್, ಶಿಯರ್‌ವಾಟರ್‌ಗಳೇ ಹೆಚ್ಚು ಪ್ಲಾಸ್ಟಿಕ್ ನುಂಗುತ್ತವೆ. ಗೆಳೆಯ ಕೈಬಲೆ ಚಾಚಿ ಸಿಕ್ಕಷ್ಟು ಕಸವನ್ನು ಬೋಟಿಗೆ ಎಳೆದುಕೊಳ್ಳುತ್ತಾನೆ.

ಆಗ ಕೂಗಾಟ ಕೇಳುತ್ತದೆ. ಮೀನು ಕಚ್ಚಿಕೊಂಡ ಟರ್ನ್ ಒಂದರ ಹಿಂದೆ ಕಪ್ಪನೆಯ, ಚೂಪು ರೆಕ್ಕೆಯ ಹಕ್ಕಿ ಬಿದ್ದಿದೆ. ಟರ್ನ್ ಎಡಕ್ಕೆ ತಿರುಗಿದರೆ ಇದೂ ಎಡಕ್ಕೆ, ಧುಮುಕಿದರೆ ಇದೂ ಧುಮುಕುತ್ತದೆ. ಕೊನೆಗೆ ಸೋತ ಟರ್ನ್ ಮೀನು ಬಿಡುತ್ತದೆ. ಅದು ನೀರು ಮುಟ್ಟುವ ಮೊದಲೇ ಆ ಹಕ್ಕಿ ಕಚ್ಚಿಕೊಂಡಾಗಿದೆ. ಆರ್ಕ್ಟಿಕ್ ಸ್ಕುವಾ. ಉತ್ತರ ಧ್ರುವದ ಸುತ್ತಲಿನ ಟಂಡ್ರಾದಲ್ಲಿ ಮರಿ ಮಾಡಿ ಈಗಷ್ಟೇ ಇಳಿದು ಬಂದದ್ದು. ಅಂಟಾರ್ಕ್ಟಿಕದ ಪೆಟ್ರೆಲ್ ಬೋಟಿನ ಹಿಂದೆ, ಆರ್ಕ್ಟಿಕ್‌ನ ಸ್ಕುವಾ ಬೋಟಿನ ಮುಂದೆ. ಮಲ್ಪೆಯ ದಕ್ಕೆಯಿಂದ ನಾಲ್ಕು ಗಂಟೆಯ ದಾರಿಯಲ್ಲಿ ಭೂಮಿಯ ಎರಡು ತುದಿಗಳು ಒಂದೇ ನೀರಿನ ಮೇಲಿವೆ.

ಮರಳುವ ದಾರಿಯಲ್ಲಿ ತಾಂಡೇಲರು ಎಂಜಿನ್ ವೇಗ ತಗ್ಗಿಸುತ್ತಾರೆ. ಮುಂದೆ ನೀರಿನ ಮೇಲೆ ನೂರಾರು ಬೂದು-ಬಿಳಿ ಹಕ್ಕಿಗಳು. ಕೆಲವು ನಿಂತಲ್ಲೇ ಬುಗುರಿಯಂತೆ ಗಿರಗಿರನೆ ಸುತ್ತುತ್ತಿವೆ. ರೆಡ್-ನೆಕ್ಡ್ ಫಲರೋಪ್. ಸುತ್ತುವಾಗ ಏಳುವ ಸುಳಿ ಕೆಳಗಿನ ಸಣ್ಣ ಜೀವಿಗಳನ್ನು ಮೇಲಕ್ಕೆ ತರುತ್ತದೆ, ಸೂಜಿಯಂಥ ಕೊಕ್ಕು ಅವನ್ನು ಹೆಕ್ಕುತ್ತದೆ. ಕುಲದಲ್ಲಿ ಇದು ಕೆಸರಿನ ಹಕ್ಕಿ, ಉಲ್ಲಂಕಿಗಳ ಬಳಗದ್ದು. ಚಳಿಗಾಲವನ್ನು ಮಾತ್ರ ಪೂರ್ತಿ ಕಡಲಿನಲ್ಲಿ ಕಳೆಯುತ್ತದೆ, ಅರಬ್ಬಿ ಸಮುದ್ರ ಅದರ ದೊಡ್ಡ ಬಿಡಾರಗಳಲ್ಲಿ ಒಂದು. ಹೆಣ್ಣಿಗೆ ಬಣ್ಣ ಹೆಚ್ಚು. ಮೊಟ್ಟೆಗೆ ಕಾವು ಕೊಡುವುದು, ಮರಿ ಸಾಕುವುದು ಗಂಡು. ಅದರ ತವರು ಎಲ್ಲಿ ಎಂದು ಗೆಳೆಯ ಹೇಳಿದಾಗ, "ಇದು ನಮಗೆ ದಿನಾ ಕಾಣುತ್ತದೆ. ಇಷ್ಟು ದೂರದಿಂದ ಬರುವುದೆಂದು ಗೊತ್ತಿರಲಿಲ್ಲ ಸರ್" ಎನ್ನುತ್ತಾರೆ ತಾಂಡೇಲರು. ಎಂಜಿನ್ ಪೂರ್ತಿ ನಿಲ್ಲಿಸಿ ಅವರೂ ನಮ್ಮ ಜೊತೆ ನೋಡುತ್ತಾರೆ.

ನಮ್ಮ ಕಡಲ ಹಕ್ಕಿಗಳ ಬಗ್ಗೆ ಬರೆದದ್ದು ಇಲ್ಲವೇ ಇಲ್ಲ ಎಂದೇನಲ್ಲ. ಮುಂದೆ 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಕಾರಣರಾದ ಎ. ಒ. ಹ್ಯೂಮ್, ಲಕ್ಷದ್ವೀಪ ಮತ್ತು ಪಶ್ಚಿಮ ಕರಾವಳಿಯ ಹಕ್ಕಿಗಳ ಕುರಿತ ದೀರ್ಘ ಲೇಖನವನ್ನು 1876ರಲ್ಲೇ ತಮ್ಮ 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಈಚಿನ ವರ್ಷಗಳಲ್ಲಿ ಮೀನುಗಾರರ ಜೊತೆ ಕಡಲಿಗಿಳಿದು ಪಟ್ಟಿ ಮಾಡುವ ಹಕ್ಕಿ ವೀಕ್ಷಕರು ಹೆಚ್ಚಿದ್ದಾರೆ. ಆದರೂ ದಡದಲ್ಲಿ ನಿಂತು ನೋಡುವ ಬಹುಪಾಲು ಜನರಿಗೆ ಈ ಕಡಲು ಮೀನು ಮತ್ತು ಸೂರ್ಯಾಸ್ತದ ಕಡಲಾಗಿಯೇ ಉಳಿದಿದೆ.

ಮಧ್ಯಾಹ್ನ ಒಂದೂವರೆಗೆ ದಕ್ಕೆ. ಗಂಜಿ, ಬಂಗುಡೆ ಸಾರು, ಉಪ್ಪಿನಕಾಯಿ. ನೆಲದ ಮೇಲೆ ಕೂತರೂ ಮೈ ಇನ್ನೂ ತೂಗುತ್ತಿದೆ. ಆದರೆ ಮಲಗಲು ಸಮಯವಿಲ್ಲ, ಯಾಕೆಂದರೆ ದಿನದ ಎರಡನೆಯ ಭಾಗವನ್ನು ನಡೆಸುವುದು ಚಂದ್ರ. ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ನಡುಹಗಲಿಗೆ ತುಂಬಿದ್ದ ನೀರು ಈಗ ಇಳಿಯತೊಡಗಿದೆ. ಸಂಜೆ ಐದೂವರೆಯ ಸುಮಾರಿಗೆ ಪೂರ್ತಿ ಇಳಿಯುತ್ತದೆ. ಕೆಸರಿನ ಹಕ್ಕಿಗಳ ಹಗಲು-ರಾತ್ರಿ ಈ ಗಡಿಯಾರಕ್ಕೆ ಸೇರಿದ್ದು. ನೀರು ತುಂಬಿದಾಗ ಮರಳ ದಿಬ್ಬದಲ್ಲಿ ವಿಶ್ರಾಂತಿ, ಇಳಿದಾಗ ಊಟ, ಅದು ನಡುರಾತ್ರಿಯಾದರೂ ಸರಿಯೇ.

ಹೂಡೆ ದಾಟಿ ಉತ್ತರಕ್ಕೆ ಹೋದಂತೆ ನೆಲ ಕಿರಿದಾಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಒಂದು ರಸ್ತೆ, ಎರಡು ಸಾಲು ಮನೆ, ತೆಂಗು. ತುದಿಯಲ್ಲಿ ಕೋಡಿ ಬೆಂಗ್ರೆ. ಸೀತಾ, ಸ್ವರ್ಣಾ ನದಿಗಳ ನೀರು ಕಡಲಿಗೆ ಕೂಡುವುದು ಇಲ್ಲಿ. ಆಚೆ ದಡದಲ್ಲಿ ಹಂಗಾರಕಟ್ಟೆ. ನೀರು ಸರಿದ ಜಾಗದಲ್ಲಿ ಕೆಸರು ಹೊಳೆಯುತ್ತಿದೆ. ಇಬ್ಬರು ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿ ಮರುವಾಯಿ ಹೆಕ್ಕುತ್ತಿದ್ದಾರೆ. ನಮ್ಮ ದೂರದರ್ಶಕ, ಮುಕ್ಕಾಲಿ ನೋಡಿ ಒಬ್ಬಾಕೆ ಕೇಳುತ್ತಾರೆ, "ಹಕ್ಕಿ ಕಾಂಬುಕೆ ಬಂದದ್ದಾ ಮಾರ್ರೆ? ಮಳಿ ಬಿಡ್ತಿದ್ದಂಗೆ ಬತ್ತೊ. ಬ್ಯಾಸಗಿ ಬಂದ್ರೆ ಒಂದೂ ಇಲ್ಲೆ." ವಲಸೆಯ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳುವುದು ಕಷ್ಟ. ಅವರಿಗೂ ಹಕ್ಕಿಗಳಿಗೂ ಬೇಕಾದದ್ದು ಒಂದೇ ಕೆಸರಿನ ಒಂದೇ ಚಿಪ್ಪು.

ಗಾಳಿಗೆ ಬೆನ್ನು ಕೊಟ್ಟು, ಸೂರ್ಯನೂ ಬೆನ್ನ ಹಿಂದಿರುವಂತೆ ಕೂರುತ್ತೇವೆ. ಎದ್ದು ನಡೆದಾಡಿದರೆ ಎಲ್ಲ ಹಾರುತ್ತವೆ. ಕೂತು ಕಾದರೆ ನೀರೇ ಅವನ್ನು ಹತ್ತಿರಕ್ಕೆ ತರುತ್ತದೆ. ಮೊದಲಿಗೆ ಬರಿಯ ಕೆಸರು. ಕಣ್ಣು ಹೊಂದಿಕೊಂಡಂತೆ ಕೆಸರಿನ ಉಂಡೆಗಳು ಓಡತೊಡಗುತ್ತವೆ. ಸ್ಯಾಂಡ್ ಪ್ಲವರ್‌ಗಳು ನಾಲ್ಕು ಹೆಜ್ಜೆ ಓಡಿ, ನಿಂತು, ನೋಡಿ, ಕುಕ್ಕುತ್ತವೆ. ಲಡಾಖ್, ಟಿಬೆಟ್‌ನ ಎತ್ತರದಲ್ಲಿ ಮರಿ ಮಾಡಿ ಇಳಿದವು. ಟೆರೆಕ್ ಸ್ಯಾಂಡ್‌ಪೈಪರ್ ಮೇಲಕ್ಕೆ ಬಾಗಿದ ಕೊಕ್ಕು ಮುಂದೆ ಚಾಚಿ ಏಡಿಯ ಬೆನ್ನು ಹತ್ತುತ್ತದೆ. ಕಡಲ ಕಡೆಯ ಅಂಚಿನಲ್ಲಿ ಸ್ಯಾಂಡರ್ಲಿಂಗ್‌ಗಳು ಹಿಂದೆ ಸರಿವ ಅಲೆಯ ಜೊತೆ ಓಡಿ, ಮುಂದೆ ಬರುವ ಅಲೆಯಿಂದ ಓಡಿ ಬರುತ್ತವೆ. ಕರ್ಲ್ಯೂ ತನ್ನ ಉದ್ದ ಬಾಗಿದ ಕೊಕ್ಕನ್ನು ಕಣ್ಣಿನವರೆಗೂ ಕೆಸರಿಗಿಳಿಸಿ ಹುಳ ಎಳೆಯುತ್ತದೆ. ಒಂದೇ ಕೆಸರು, ಆದರೆ ಒಬ್ಬರ ಊಟದ ಆಳಕ್ಕೆ ಇನ್ನೊಬ್ಬರ ಕೊಕ್ಕು ಹೋಗದು, ಹಾಗಾಗಿ ಜಗಳವಿಲ್ಲ.

ಬಾರ್-ಟೇಲ್ಡ್ ಗಾಡ್‌ವಿಟ್ ಎರಡು ಇಳಿಯುತ್ತವೆ. ಈ ಜಾತಿಯ ಒಂದು ಮರಿ, ಹುಟ್ಟಿ ಕೆಲವೇ ತಿಂಗಳಾಗಿದ್ದದ್ದು, 2022ರಲ್ಲಿ ಅಲಾಸ್ಕದಿಂದ ಟಾಸ್ಮೇನಿಯಕ್ಕೆ 13,560 ಕಿಲೋಮೀಟರ್ ಹಾರಿತು. ಹನ್ನೊಂದು ದಿನ ಎಲ್ಲೂ ಇಳಿಯಲಿಲ್ಲ, ಏನೂ ತಿನ್ನಲಿಲ್ಲ. ಬೆನ್ನಿಗೆ ಅಂಟಿಸಿದ್ದ ಉಪಗ್ರಹ ಸಾಧನ ಅದನ್ನು ದಾಖಲಿಸಿದೆ.

ನಾಲ್ಕೂಮುಕ್ಕಾಲಿಗೆ ಗೆಳೆಯ ದೂರದರ್ಶಕದಿಂದ ಕಣ್ಣು ತೆಗೆಯದೆ ಕೈಬೀಸಿ ಕರೆಯುತ್ತಾನೆ. ಗಾಡ್‌ವಿಟ್‌ಗಳ ಪಕ್ಕ, ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳ ನಡುವೆ, ಅವಕ್ಕಿಂತ ದಪ್ಪನಾದ ಒಂದು ಹಕ್ಕಿ. ಎದೆಯ ಮೇಲೆ ದಟ್ಟ ಚುಕ್ಕೆ, ತಲೆಗಿಂತ ಉದ್ದದ ಕೊಕ್ಕು ತುದಿಯಲ್ಲಿ ತುಸು ಕೆಳಗೆ ಬಾಗಿದೆ, ಬೆನ್ನಿನ ಗರಿಗಳ ನಡುಭಾಗ ಕಪ್ಪು, ಅಂಚು ಬಿಳಿ. ರೆಡ್ ನಾಟ್ ಆಗಿರಬಹುದೇ? ಅದರ ಕೊಕ್ಕು ಗಿಡ್ಡ, ನೇರ. ಅಷ್ಟರಲ್ಲಿ ಅದು ಕೊಕ್ಕಿಳಿಸಿ ಪುಟ್ಟ ಚಿಪ್ಪೊಂದನ್ನು ಎತ್ತಿ ಇಡಿಯಾಗಿ ನುಂಗುತ್ತದೆ. ಒಡೆಯುವ ಕೆಲಸ ಹೊಟ್ಟೆಯ ಗಟ್ಟಿ ಸ್ನಾಯುವಿನದು. ರೆಕ್ಕೆ ಚಾಚಿದಾಗ ಬಾಲದ ಬುಡದ ಬಿಳುಪು ಕಾಣುತ್ತದೆ. ಇನ್ನು ಅನುಮಾನವಿಲ್ಲ. ಗ್ರೇಟ್ ನಾಟ್, ಈ ವರ್ಷ ಹುಟ್ಟಿದ್ದು. ಸರದಿಯಲ್ಲಿ ಎಲ್ಲರೂ ನೋಡುತ್ತೇವೆ. ಯಾರ ಬಾಯಲ್ಲೂ ಮಾತಿಲ್ಲ, ಎಲ್ಲರ ಮುಖದಲ್ಲೂ ನಗು.

ಈಶಾನ್ಯ ಸೈಬೀರಿಯದ ಬೆಟ್ಟಗಳ ಹಕ್ಕಿ ಇದು. ಕಮ್ಚಟ್ಕಾದಲ್ಲಿ ಕಾಲಿಗೆ ಗುರುತಿನ ಪಟ್ಟಿ ಹಾಕಿಸಿಕೊಂಡ ಒಂದು ಗ್ರೇಟ್ ನಾಟ್ ಕೇರಳದ ಚಾವಕ್ಕಾಡ್ ತೀರದಲ್ಲಿ ಕಾಣಿಸಿದ್ದುಂಟು. ಆಸ್ಟ್ರೇಲಿಯದಿಂದ ಚೀನಾಕ್ಕೆ 5,400 ಕಿಲೋಮೀಟರ್ ಹಾರಿ ಇಳಿದ ಗ್ರೇಟ್ ನಾಟ್‌ಗಳನ್ನು ಪರೀಕ್ಷಿಸಿದಾಗ, ಮಿದುಳು ಮತ್ತು ಶ್ವಾಸಕೋಶ ಬಿಟ್ಟು ಉಳಿದ ಅಂಗಗಳೆಲ್ಲ ಕುಗ್ಗಿದ್ದವು. ಕೊಬ್ಬಿನ ಜೊತೆಗೆ ಹಕ್ಕಿ ತನ್ನ ಮೈಯನ್ನೇ ಉರಿಸಿಕೊಂಡು ಹಾರಿರುತ್ತದೆ. ಹಾಗೆ ಬಂದದ್ದಕ್ಕೆ ಇಳಿದ ಜಾಗದಲ್ಲಿ ಕೆಸರು ಇರಲೇಬೇಕು. ದಕ್ಷಿಣ ಕೊರಿಯದ ಸೇಮನ್‌ಗಮ್‌ನಲ್ಲಿ 33 ಕಿಲೋಮೀಟರ್ ಉದ್ದದ ತಡೆಗೋಡೆ 2006ರಲ್ಲಿ ಪೂರ್ಣಗೊಂಡು ಕಡಲು ಒಳಬರದಂತಾಯಿತು. ಅಲ್ಲಿ ತಂಗುತ್ತಿದ್ದ ಗ್ರೇಟ್ ನಾಟ್‌ಗಳು ಬೇರೆಡೆಗೆ ಹೋಗಿ ಬದುಕಿಕೊಳ್ಳಲಿಲ್ಲ. ಜಗತ್ತಿನ ಒಟ್ಟು ಸಂಖ್ಯೆಯೇ ಕುಸಿಯಿತು. ಇವತ್ತು ಈ ಜಾತಿ ಅಳಿವಿನಂಚಿನ ಪಟ್ಟಿಯಲ್ಲಿದೆ.

ನಾವು ನೋಡುತ್ತಿರುವಾಗಲೇ ಮರಳಿನ ಮೇಲೆ ಬೈಕೊಂದು ಬರುತ್ತದೆ. ಹಿಂದೆ ಕೂತವನು ಫೋನ್ ಎತ್ತಿ ಹಿಡಿದಿದ್ದಾನೆ, ಹಕ್ಕಿಗಳ ಗುಂಪಿನತ್ತ ನೇರ ನುಗ್ಗುತ್ತಾರೆ. ಇಡೀ ಗುಂಪು ಒಮ್ಮೆಗೇ ಏಳುತ್ತದೆ, ತಿರುಗುತ್ತದೆ, ಹೊಳೆಯಾಚೆ ಹೋಗುತ್ತದೆ. ಫೋನಿಗೆ ಇಪ್ಪತ್ತು ಸೆಕೆಂಡಿನ ದೃಶ್ಯ ಸಿಕ್ಕಿತು. ಹಕ್ಕಿಗಳಿಗೆ ಹೋದದ್ದು ಇಳಿತದ ಅಮೂಲ್ಯ ಗಂಟೆ. ಗೆಳೆಯ ಅವರನ್ನು ಕರೆದು ದೂರದರ್ಶಕದಲ್ಲಿ ಕರ್ಲ್ಯೂ ತೋರಿಸುತ್ತಾನೆ. ಇಬ್ಬರೂ ಬಹಳ ಹೊತ್ತು ನೋಡುತ್ತಾರೆ. ಹೋಗುವಾಗ ಬೈಕ್ ತಳ್ಳಿಕೊಂಡು ಹೋಗುತ್ತಾರೆ. ಗೊತ್ತಾದರೆ ಜನ ಬದಲಾಗುತ್ತಾರೆ ಎಂಬುದರಲ್ಲಿ ನನಗೆ ನಂಬಿಕೆಯಿದೆ.

ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂಬ ರಾಮ್ಸಾರ್ ಮನ್ನಣೆ ಸಿಕ್ಕಿತು. ಸುಮಾರು 4,801 ಹೆಕ್ಟೇರ್. ಕರ್ನಾಟಕದ ಕರಾವಳಿಯಲ್ಲಿ ಆ ಗೌರವ ಪಡೆದದ್ದು ಅದೊಂದೇ. ಕಾಳಿಯಿಂದ ನೇತ್ರಾವತಿಯವರೆಗೆ ಉಳಿದ ಅಳಿವೆಗಳ ಕೆಸರಿಗೂ ಅದೇ ಬೆಲೆಯಿದೆ. ಅದನ್ನು ಖಾಲಿ ಜಾಗವೆಂದು ತುಂಬಿಸುವ ಮೊದಲು, ಮರಳಿಗಾಗಿ ಬಗೆಯುವ ಮೊದಲು, ಒಂದು ಇಳಿತದ ಹೊತ್ತಿನಲ್ಲಿ ಅಲ್ಲಿ ಕೂತು ನೋಡುವುದು ನಿರ್ಧರಿಸುವವರ ಕರ್ತವ್ಯ.

ಓದುವ ನಿಮ್ಮಲ್ಲಿ ಕೇಳುವುದು ಇಷ್ಟೇ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಡಲತೀರಕ್ಕೆ ಹೋದಾಗ ಮರಳಿನಲ್ಲಿ ಹಕ್ಕಿಗಳ ಗುಂಪು ಕಂಡರೆ ನೂರು ಮೀಟರ್ ಆಚೆಯೇ ನಿಲ್ಲಿ, ಮಕ್ಕಳನ್ನು ಅವುಗಳತ್ತ ಓಡಿಸಬೇಡಿ, ವಾಹನ ಇಳಿಸಬೇಡಿ, ನಾಯಿಯನ್ನು ಕಟ್ಟಿ ಹಿಡಿಯಿರಿ. ಜೂನ್, ಜುಲೈಯ ಗಾಳಿಮಳೆಯಲ್ಲಿ ಸುಸ್ತಾದ ಕಡಲ ಹಕ್ಕಿಯೊಂದು ದಡದಲ್ಲಿ ಬಿದ್ದಿದ್ದರೆ ಅದನ್ನು ಮತ್ತೆ ಅಲೆಗೆ ಎಸೆಯಬೇಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿ ಇಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಮತ್ತು ನಿಮ್ಮ ಊರಿನ ಅಳಿವೆಗೆ ಒಂದು ಸಂಜೆ, ನೀರು ಇಳಿಯುವ ವೇಳೆ ಕೇಳಿಕೊಂಡು, ಹೋಗಿ ಕೂತು ನೋಡಿ.